ಲಿಸ್ಯೂ ಮಠದ ಊಟದ ಮನೆ, ನಮ್ಮ ಅಡುಗೆಮನೆ

ಪ್ರತಿದಿನ ನಸುಕಿನಲ್ಲಿ ನಮ್ಮ ಕ್ಯಾಥೊಲಿಕ್ ಧರ್ಮಕೇಂದ್ರದ ವಾಟ್ಸ್‌ಆ್ಯಪ್ ಗುಂಪಿಗೆ ಅಂದಿನ ಸಂತರ ಚಿತ್ರವೂ ನಾಲ್ಕು ಸಾಲಿನ ಧ್ಯಾನವೂ ಬರುತ್ತವೆ. ಚಹಾಕ್ಕೆ ನೀರಿಡುವ ಮೊದಲೇ ಅದನ್ನು ಓದಿ, ಕೈಮುಗಿದ ಚಿಹ್ನೆಯೊಂದನ್ನು ಕಳಿಸಿ, ಸಂತರನ್ನು ಅಲ್ಲಿಗೇ ಬಿಟ್ಟು ಕೆಲಸಕ್ಕೆ ಏಳುವುದು ನನ್ನ ಬಹುಕಾಲದ ರೂಢಿಯಾಗಿತ್ತು.

ಈ ಬರಹಗಳ ಬಗ್ಗೆ ನನ್ನದೊಂದು ಅಸಮಾಧಾನವಿದೆ. ಅವು ಸಂತರ ಪವಾಡಗಳನ್ನು ವಿಸ್ತಾರವಾಗಿ ಹೇಳುತ್ತವೆ, ದಿನಚರಿಯನ್ನು ಮಾತ್ರ ಹೇಳುವುದಿಲ್ಲ. ಜನವರಿ 16ರಂದು ಸಂತ ಜೋಸೆಫ್ ವಾಜ್ ಅವರ ಹಬ್ಬ. ಗೋವೆಯಲ್ಲಿ 1651ರಲ್ಲಿ ಹುಟ್ಟಿ, ಕೂಲಿಯವನ ವೇಷದಲ್ಲಿ ಸಿಂಹಳಕ್ಕೆ ಹೋಗಿ, 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡವರು ಅವರು. ಬರಗಾಲದಲ್ಲಿ ಅವರ ಪ್ರಾರ್ಥನೆಯಿಂದ ಮಳೆ ಬಂದ ಕಥೆ ನಮಗೆಲ್ಲ ಬಾಯಿಪಾಠ. ಆದರೆ 1697ರ ಸಿಡುಬಿನ ಕಾಲದಲ್ಲಿ, ಮನೆಯವರೇ ಬಿಟ್ಟುಹೋದ ರೋಗಿಗಳ ಹತ್ತಿರ ಕುಳಿತು ಅವರು ಹುಣ್ಣು ತೊಳೆದದ್ದಕ್ಕೆ ಒಂದು ಸಾಲು ಸಿಕ್ಕರೆ ಹೆಚ್ಚು. ಮಳೆ ತರಿಸುವುದು ನನ್ನಿಂದಾಗದು. ಒಬ್ಬರ ಗಾಯ ತೊಳೆಯುವುದು ಆದೀತು. ನನಗೆ ಬೇಕಾದದ್ದು ಆ ಎರಡನೆಯ ಕಥೆ.

ಬಾಲಯೇಸುವಿನ ಸಂತ ತೆರೇಸಾ ನನಗೆ ಹತ್ತಿರವಾದದ್ದು ಇದೇ ಕಾರಣಕ್ಕೆ. ಹದಿನೈದನೆಯ ವಯಸ್ಸಿಗೆ ಫ್ರಾನ್ಸಿನ ಲಿಸ್ಯೂ ಊರಿನ ಕಾರ್ಮೆಲ್ ಸನ್ಯಾಸಿನಿಯರ ಮಠ ಸೇರಿದ ಈಕೆ 1897ರಲ್ಲಿ, ಇಪ್ಪತ್ತನಾಲ್ಕರ ಪ್ರಾಯದಲ್ಲಿ, ಕ್ಷಯದಿಂದ ತೀರಿಕೊಂಡಳು. ಆ ಮಠದಲ್ಲಿ ನಡೆಯಲಾಗದ ಒಬ್ಬ ಹಿರಿಯ ಸಿಸ್ಟರ್ ಇದ್ದರು. ಸಂಜೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅವರನ್ನು ಹಿಡಿದು ಊಟದ ಮನೆಗೆ ಕರೆದೊಯ್ಯಬೇಕಿತ್ತು. ಜೋರಾಗಿ ನಡೆದರೆ ಬಿದ್ದೇನೆಂದು ಬೈಗುಳ, ನಿಧಾನ ನಡೆದರೆ ಕೈ ಹಿಡಿದದ್ದೇ ಗೊತ್ತಾಗುತ್ತಿಲ್ಲವೆಂದು ದೂರು. ಅವರನ್ನು ಕೂಡಿಸಿ, ಅವರು ಹೇಳಿದ ಪ್ರಕಾರವೇ ಅಂಗಿಯ ತೋಳು ಮಡಿಸಿದರೆ ತೆರೇಸಾಳ ಕೆಲಸ ಮುಗಿಯಿತು. ಆದರೆ ಕೈ ಸೊಟ್ಟಗಾಗಿದ್ದ ಆ ಹಿರಿಯರಿಗೆ ಬಟ್ಟಲಿನಲ್ಲಿ ಬ್ರೆಡ್ಡು ಹೊಂದಿಸಿಕೊಳ್ಳಲು ಕಷ್ಟವಾಗುತ್ತಿರುವುದು ಆಕೆಯ ಕಣ್ಣಿಗೆ ಬಿತ್ತು. ಅಂದಿನಿಂದ ಅದನ್ನೂ ತಾನೇ ಮಾಡಿ, ಒಂದು ನಗೆ ನಕ್ಕು ಹೊರಡುತ್ತಿದ್ದಳು. ಯಾರೂ ಕೇಳದೆ ಮಾಡಿದ ಆ ಕೆಲಸದಿಂದಲೂ ಆ ನಗೆಯಿಂದಲೂ ಆ ಹಿರಿಯರ ಮನಸ್ಸು ತನಗೆ ಒಲಿಯಿತೆಂದು ಸಾಯುವ ಕೆಲವೇ ತಿಂಗಳ ಮೊದಲು ಆಕೆಯೇ ಬರೆದಿಟ್ಟಿದ್ದಾಳೆ.

ಈಗ ಎಲ್ಲರೂ ಮಾತಾಡುವ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದಲ್ಲೇ ಪೂರ್ತಿ ಗಮನವಿಟ್ಟು ಇರುವುದು, ನನಗೆ ಅರ್ಥವಾದದ್ದು ಈ ಪ್ರಸಂಗದಿಂದ. ನಮ್ಮ ಕಡೆಯ ಮದುವೆಗಳಲ್ಲಿ ಅಕ್ಷತೆ ಹಾಕುವಾಗ ಕೂಗುವ ‘ಸಾವಧಾನ’ ಎಂಬ ಮಾತು ಅದಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಕಣ್ಣು ಮುಚ್ಚಿ ಉಸಿರು ಗಮನಿಸುವುದು ಒಳ್ಳೆಯದೇ. ಆದರೆ ಆ ಗಮನ ನನ್ನ ನೆಮ್ಮದಿಯಲ್ಲಿಯೇ ನಿಂತುಬಿಟ್ಟರೆ ಎದುರಿಗಿರುವವರ ಬಟ್ಟಲು ಯಾರಿಗೆ ಕಾಣಬೇಕು? ದಿನಕ್ಕೆ ಎರಡು ಬಾರಿ ಆತ್ಮಪರಿಶೀಲನೆ ಮಾಡಿಕೊಳ್ಳುವ ಕ್ರಮವನ್ನು ಯೇಸುಸಭೆ ಎಂಬ ಜೆಸ್ವಿಟ್ ಗುರುಗಳ ಸಂಘದ ಸಂತ ಇಗ್ನೇಷಿಯಸ್ ನಾನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಹಾಕಿಕೊಟ್ಟಿದ್ದಾರೆ. ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಮರಳುವಾಗ, ನವನಗರ ದಾಟಿ ಉಣಕಲ್ ಕೆರೆ ಬರುವಷ್ಟರಲ್ಲಿ ನಾನು ಅದನ್ನು ಮಾಡಿಕೊಳ್ಳುತ್ತೇನೆ. ಇವತ್ತು ಯಾರನ್ನು ನೋಡಿಯೂ ನೋಡದವಳಂತೆ ದಾಟಿಬಂದೆ ಎಂಬ ಒಂದೇ ಪ್ರಶ್ನೆ ನನಗೆ ಸಾಕು.

ಹಾಗೆ ಕೇಳಿಕೊಂಡ ಒಂದು ಸಂಜೆ ನೆನಪಾದವರು ನಮ್ಮ ಅತ್ತೆ. ಗದಗ ಕಡೆಯವರಾದ ಅವರಿಗೆ ಈಗ ಕೈ ನಡುಗುತ್ತದೆ, ಹಲ್ಲಿಲ್ಲ, ಆದರೂ ಜೋಳದ ರೊಟ್ಟಿಯೇ ಆಗಬೇಕು. ನಾನು ದಿನಾಲೂ ತಾಟು ಮುಂದಿಟ್ಟು, ಬ್ಯಾಗು ಹೆಗಲಿಗೇರಿಸಿ ಬಸ್ಸಿಗೆ ಓಡುತ್ತಿದ್ದೆ. ಮರುದಿನ ಹತ್ತು ನಿಮಿಷ ಮೊದಲೇ ಎದ್ದು ಅವರ ಪಕ್ಕದಲ್ಲಿ ಕುಳಿತೆ. ರೊಟ್ಟಿಯ ಗಟ್ಟಿ ಅಂಚು ತೆಗೆದು, ಉಳಿದದ್ದನ್ನು ಸಣ್ಣಗೆ ಮುರಿದು ಬಿಸಿ ಹಾಲಿನಲ್ಲಿ ಹಾಕಿ, ಅದು ನೆನೆಯುವವರೆಗೂ ಬಟ್ಟಲನ್ನು ಹಿಡಿದುಕೊಂಡೇ ಇದ್ದೆ. ಅವರು ಎರಡು ತುತ್ತು ತಿಂದು, ನನ್ನ ಮುಖ ನೋಡಿ ಕೇಳಿದರು: “ಯಾಕವಾ, ಇವತ್ತ ಆಫೀಸಿಗೆ ಸೂಟಿ ಐತೇನು?”