ರಾತ್ರಿ ಎಂಟಕ್ಕೇ ಮುಗಿಯುವ ರಾತ್ರಿ

ರಾತ್ರಿ ಒಂಬತ್ತಕ್ಕೆ ತಲೆ ಬಾಚಿ, ಇಸ್ತ್ರಿ ಶರ್ಟು ಹಾಕಿಕೊಂಡು ಸೇಂಟ್ ಆಂಟನ್‌ನ ಬೀದಿಗಿಳಿದೆ. ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದಲ್ಲಿ, ಹಿಮದ ಮೇಲೆ ಜಾರಾಡುವ ಈ ಸ್ಕೀ ಊರಿನ ರಾತ್ರಿಗಳ ಬಗ್ಗೆ ನಮ್ಮ ಮ್ಯೂನಿಕ್ ಆಫೀಸಿನಲ್ಲಿ ಕೇಳಿದ್ದೇ ಕೇಳಿದ್ದು. ನೋಡಿದರೆ ಎದುರಿಗೆ ಬಂದವರೆಲ್ಲ ತೂರಾಡುತ್ತಾ ಮಲಗಲು ಹೊರಟಿದ್ದರು. ಕೊನೇ ಪಂಕ್ತಿ ಎದ್ದ ಮೇಲೆ ಮದುವೆ ಮನೆಗೆ ಹೋದ ಹಾಗಾಯಿತು.

"ಮೂರೂವರೆಗೇ ಹೋಗಬೇಕಿತ್ತು" ಎಂದರು ಗೆಸ್ಟ್‌ಹೌಸಿನ ಯಜಮಾನಿ. ಮಧ್ಯಾಹ್ನ ಮೂರೂವರೆಗೆ ನಮ್ಮಲ್ಲಿ ಮಿರ್ಚಿ ಬಜ್ಜಿಯ ಬಾಣಲೆಯನ್ನೂ ಒಲೆಗೆ ಇಟ್ಟಿರುವುದಿಲ್ಲ! ತಡರಾತ್ರಿಯ ಕ್ಲಬ್ಬುಗಳೂ ಇವೆಯಂತೆ. ಆದರೆ ನಿಜವಾದ ಗಮ್ಮತ್ತು ಆಪ್ರೆ-ಸ್ಕೀ, ಅಂದರೆ ಸ್ಕೀ ಮುಗಿಸಿ ಕುಡಿಯುವುದು. ಅದು ಗುಡ್ಡದ ಮೇಲೆ, ಸ್ಕೀ ದಾರಿಯ ಪಕ್ಕದಲ್ಲೇ ನಡೆಯುತ್ತದೆ. ಎಂಟರ ಹೊತ್ತಿಗೆ ಮುಗಿಸಿ ಕತ್ತಲಲ್ಲಿ ಊರಿಗೆ ಜಾರಿಕೊಂಡು ಬರುತ್ತಾರೆ. ಕುಡಿದು!

ಮರುದಿನ ಬೆಳಿಗ್ಗೆ ಸ್ಕೀ ಪಾಠ. ಹಾನೆಸ್ ಶ್ನೈಡರ್ ಎಂಬಾತ 1921ರಲ್ಲಿ ಇದೇ ಊರಲ್ಲಿ ಸ್ಕೀ ಶಾಲೆ ತೆರೆದ. ಆತನ ಆರ್ಲ್‌ಬರ್ಗ್ ಪದ್ಧತಿಯನ್ನು ಜಗತ್ತೇ ಕಲಿಯಿತು. ನಾನು ಬೀಳುವುದನ್ನು ಕಲಿತೆ. ನಾಲ್ಕು ವರ್ಷದ ಮಕ್ಕಳು ನನ್ನ ಪಕ್ಕದಿಂದಲೇ ಸುಯ್ಯನೆ ಹೋಗುತ್ತಿದ್ದವು.

ಮೂರೂವರೆಗೆ ಸ್ಕೀಗಳನ್ನು ಅಂಗಡಿಗೆ ಕೊಟ್ಟು ಬೂಟಲ್ಲೇ ಗುಡ್ಡ ಹತ್ತಿದೆ. ಸ್ಕೀ ಬೂಟು ಅಂದರೆ ಸುಮ್ನೆ ಅಲ್ಲ, ಕಾಲಿಗೆ ಕಟ್ಟಿದ ಪ್ಲಾಸ್ಟಿಕ್ ಬಕೆಟ್ಟು. ಅದನ್ನೇ ಹಾಕಿಕೊಂಡು ಜನ ಬೆಂಚು, ಮೇಜು ಹತ್ತಿ ಕುಣಿಯುತ್ತಿದ್ದರು. ಚಳಿಗೆ ಒಂದು ಟೀ ಸಾಕು ಅನ್ನಿಸಿತು. ಮೆನುವಿನಲ್ಲಿ ಕೊನೆಗೆ 'ಟೀ' ಅಂತಿದ್ದ ಯೇಗರ್‌ಟೀ ತರಿಸಿದೆ. ಬೇಟೆಗಾರರ ಟೀ ಅಂತ ಅರ್ಥವಂತೆ. ಮೂಗಿಗೆ ತಂದಾಗಲೇ ಕಣ್ಣಲ್ಲಿ ನೀರು. ಟೀ ನೆಪಕ್ಕೆ, ಒಳಗಿದ್ದದ್ದು ರಮ್ಮು.

ಪಕ್ಕದಲ್ಲಿ ಒಬ್ಬ ಡಚ್ ಅಜ್ಜ. ನಮ್ಮ ಗೆಸ್ಟ್‌ಹೌಸಿನವರೇ. "ಪ್ರೋಸ್ಟ್!" ಎಂದು ಲೋಟ ಎತ್ತಿದರು. ಚೆಲ್ಲಬಾರದಲ್ಲ ಅಂತ ನಾನು ಲೋಟವನ್ನೇ ನೋಡುತ್ತಾ ತಾಗಿಸಿದೆ.

"ಅಯ್ಯೋ, ಕಣ್ಣು ನೋಡಬೇಕು! ಇಲ್ಲದಿದ್ದರೆ ಏಳು ವರ್ಷ ದುರದೃಷ್ಟ ಅಂತಾರೆ ಇಲ್ಲಿ."

ನಮ್ಮ ಶನಿಯದು ಏಳೂವರೆ ವರ್ಷ. ಇಲ್ಲಿ ಆರು ತಿಂಗಳು ರಿಯಾಯಿತಿ. ಅಜ್ಜನಿಗೆ ಶನಿಕಾಟ ವಿವರಿಸುವಷ್ಟರಲ್ಲಿ ಇನ್ನೊಂದು ಬೇಟೆಗಾರರ ಟೀ ಮುಗಿದಿತ್ತು. ಎಂಟಕ್ಕೆ ಎಪ್ಪತ್ತು ದಾಟಿದ ಆ ಅಜ್ಜ ಹಣೆಗೆ ಟಾರ್ಚ್ ಕಟ್ಟಿಕೊಂಡು ಸ್ಕೀ ಮೇಲೆ ಮಾಯವಾದರು. ನಾನು ಪ್ಯಾಂಟಿನ ಹಿಂಭಾಗ ನಂಬಿಕೊಂಡು ಕೂತು ಜಾರಿಕೊಂಡೇ ಇಳಿದೆ. ಗೆಸ್ಟ್‌ಹೌಸಿನ ನೆಲಮಾಳಿಗೆಯಲ್ಲಿ ಎಲ್ಲರ ಬೂಟು ಒಣಗಿಸುವ ಬಿಸಿ ಗೂಟಗಳಿವೆ. ಅಲ್ಲಿ ಬೂಟು ಸಿಕ್ಕಿಸಿ ಮಲಗಿದೆ.

ಮೂರನೇ ದಿನ ಬಲಗಾಲ ಹೆಬ್ಬೆರಳು ನರಕ ನೋಡಿತು. ಎಡಗಾಲು ಆರಾಮಾಗಿತ್ತು. ಶನಿ ಬಲಗಾಲಿಂದ ಶುರು ಮಾಡಿದ್ದಾನೆ ಅಂದುಕೊಂಡೆ. ಮಧ್ಯಾಹ್ನ ಮತ್ತೆ ಅದೇ ಮೇಜು. ಅಜ್ಜ ಬಲಗಾಲು ಎಳೆಯುತ್ತಾ ಬಂದರು.

"ಬೂಟು ಕಳಚಿ ಕಳಚಿ ಬರ್ತಿದೆ. ವಯಸ್ಸಾದ ಮೇಲೆ ಕಾಲೂ ಸಣ್ಣಗಾಗುತ್ತೆ ಅಂತ ಗೊತ್ತಿರಲಿಲ್ಲ" ಎಂದರು ಬೇಸರದಿಂದ.

ಇಬ್ಬರೂ ಬಗ್ಗಿ ಬೂಟಿನ ಪಕ್ಕದ ನಂಬರು ನೋಡಿದೆವು. ಒಂದೇ ಅಂಗಡಿಯ ಬಾಡಿಗೆ ಬೂಟುಗಳು, ಒಂದೇ ಕಪ್ಪು ಬಣ್ಣ. ನನ್ನ ಎಡಗಾಲಲ್ಲಿ 27.5, ಬಲಗಾಲಲ್ಲಿ 26.5. ಅಜ್ಜನದ್ದು ಉಲ್ಟಾ.

ಮೇಲೆ ಜನ ಕುಣಿಯುತ್ತಿದ್ದರು. ಮೇಜಿನ ಕೆಳಗೆ ನಾವು ಕ್ಲಿಪ್ಪು ಬಿಚ್ಚಿ, ಒದ್ದೆ ಕಾಲುಚೀಲದಲ್ಲಿ ಒಂದೊಂದು ಬೂಟು ಅದಲು ಬದಲು ಮಾಡಿಕೊಂಡೆವು. ಅಜ್ಜ ಲೋಟ ಎತ್ತಿದರು. ಈ ಸಲ ಅವರ ಕಣ್ಣನ್ನೇ ದಿಟ್ಟಿಸಿದೆ. ಅರ್ಧ ಲೋಟ ಅವರ ಮಡಿಲಿಗೆ ಚೆಲ್ಲಿತು.