ಮೂವತ್ತನೆಯ ದಿನದ ಕುರಿ

ಹದಿನಾರು, ಹದಿನೇಳನೆಯ ಶತಮಾನದ ವೇಲ್ಸ್‌ನಲ್ಲಿ ಇಬ್ಬರು ಪಾದ್ರಿಗಳು ದಶಮಾಂಶದ, ಅಂದರೆ ರೈತ ಚರ್ಚಿಗೆ ಕೊಡಬೇಕಾದ ಹತ್ತರಲ್ಲೊಂದು ಪಾಲಿನ, ಉಣ್ಣೆಗಾಗಿ ಬಿಷಪ್ಪರ ಕೋರ್ಟು ಹತ್ತಿದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಅಲ್ಲಿ ಕುರಿಗೂ ಎರಡು ಮನೆ: ಚಳಿಗಾಲಕ್ಕೆ ಕಣಿವೆಯ ಹೆಂಡ್ರೆ, ಬೇಸಿಗೆಗೆ ಬೆಟ್ಟದ ಮೇಲಿನ ಹಾವೋಡ್. ಎರಡೂ ಒಂದೇ ಚರ್ಚಿನ ವ್ಯಾಪ್ತಿಯಲ್ಲಿ, ಅಂದರೆ ಒಂದೇ ಪ್ಯಾರಿಷ್‌ನಲ್ಲಿ ಇರಬೇಕೆಂದು ದೇವರೂ ಹೇಳಿರಲಿಲ್ಲ, ಕುರಿಯೂ ಕೇಳಿರಲಿಲ್ಲ.

ಶಾಸ್ತ್ರವೇನೋ ಸ್ಪಷ್ಟ. ಮಂದೆ ಎರಡು ಕಡೆ ಮೇದರೆ ದಶಮಾಂಶವನ್ನು ಮೇದ ದಿನಗಳ ಪ್ರಕಾರ ಹಂಚಬೇಕು. ಮೂವತ್ತು ದಿನಕ್ಕಿಂತ ಕಡಿಮೆ ತಂಗಿದ ಕಡೆಗೆ ಸೊನ್ನೆ. ಉಣ್ಣೆ 120 ಪೌಂಡ್ ಬಂದರೆ ದಶಮಾಂಶ 12. ನಾಲ್ಕು ತಿಂಗಳು ಬೆಟ್ಟ, ಎಂಟು ತಿಂಗಳು ಕಣಿವೆ ಎಂದಾದರೆ ಮೇಲಿನವರಿಗೆ 4, ಕೆಳಗಿನವರಿಗೆ 8. ಕುರಿ ಬೆಟ್ಟ ಹತ್ತಿದ ದಿನವನ್ನು ಯಾರೂ ಬರೆದಿಟ್ಟಿಲ್ಲ ಎಂಬುದೊಂದೇ ತೊಡಕು. ಅದಕ್ಕಾಗಿ ಊರಿನ ಮುದುಕರನ್ನು ಸಾಕ್ಷಿಗೆ ಕರೆಸಬೇಕು. ಅವರು ವೆಲ್ಷ್‌ನಲ್ಲಿ ಹೇಳುತ್ತಾರೆ, ಗುಮಾಸ್ತ ಇಂಗ್ಲಿಷ್‌ನಲ್ಲಿ ಬರೆದುಕೊಳ್ಳುತ್ತಾನೆ, ನಡಾವಳಿ ಲ್ಯಾಟಿನ್‌ನಲ್ಲಿ ಸಾಗುತ್ತದೆ. ಕುರಿಯ ಹೇಳಿಕೆಯನ್ನೂ ಪಡೆದಿದ್ದರೆ ನಾಲ್ಕನೆಯ ಭಾಷೆಗೂ ಗೌರವ ಸಿಗುತ್ತಿತ್ತು.

ಯಾವ ಪ್ಯಾರಿಷ್‌ಗೆ ಸೇರಿದ್ದೆಂದು ಖಚಿತವಿಲ್ಲದ ಬಂಜರಿನಲ್ಲಿ ಮೇಯುವ ಜಾನುವಾರುಗಳ ಮರಿಗಳ ದಶಮಾಂಶ, ಒಡೆಯನ ಮನೆ ಇರುವ ಪ್ಯಾರಿಷ್‌ಗೆ ಎಂದು 1549ರ ಕಾಯ್ದೆ ಹೇಳಿತು. ಮುಗಿಯಿತಲ್ಲ! ಬೆಟ್ಟದ ಪಾದ್ರಿಗೆ ಗಡಿಯ ಪ್ರತಿ ಕಲ್ಲೂ ಗೊತ್ತು. ಕಣಿವೆಯ ಪಾದ್ರಿಗೆ ಅಲ್ಲಿ ಗಡಿಯೊಂದಿತ್ತು ಎಂಬುದೇ ಹೊಸ ಸುದ್ದಿ.

ಮರಿಗಳ ಲೆಕ್ಕ ಇನ್ನೂ ಸೊಗಸು. ಆರ್ಚ್‌ಬಿಷಪ್ ವಿಂಚೆಲ್ಸಿಯ ಕಾಲದ ಹಳೆಯ ಕಟ್ಟಳೆಯಂತೆ, ಆರು ಮರಿಗೆ ಅರ್ಧರ್ಧ ಪೆನ್ನಿಯಂತೆ ಮೂರು ಪೆನ್ನಿ. ಏಳಾದರೆ ಒಂದು ಇಡೀ ಮರಿ ಪಾದ್ರಿಗೆ. ಹತ್ತಕ್ಕೆ ಕಮ್ಮಿಯಾದ ಮೂರಕ್ಕೆ ಅವರು ರೈತನಿಗೆ ಒಂದೂವರೆ ಪೆನ್ನಿ ಚಿಲ್ಲರೆ ಕೊಡಬೇಕು. ಚಿಲ್ಲರೆ ಕೊಡಲು ಕೈ ಬಾರದಿದ್ದರೆ ಮುಂದಿನ ವರ್ಷ ಹತ್ತನೆಯದು ಹುಟ್ಟುವವರೆಗೆ ಕಾಯಬಹುದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತೇವೆ; ಇಲ್ಲಿ ಪೂಜಾರಿ ಕೊಡುತ್ತಾನೆ, ಒಂದೂವರೆ ಪೆನ್ನಿ.

ಒಂದೇ ಚರ್ಚಿನೊಳಗೂ ಶಾಂತಿಯಿಲ್ಲ. ಧಾನ್ಯ, ಹುಲ್ಲಿನ ದೊಡ್ಡ ದಶಮಾಂಶ ರೆಕ್ಟರಿಗೆ, ಅಂದರೆ ಚರ್ಚಿನ ಆದಾಯದ ಮುಖ್ಯ ಹಕ್ಕುದಾರನಿಗೆ. ಉಣ್ಣೆ, ಮರಿ, ಹಂದಿ, ಮೊಟ್ಟೆ, ಜೇನಿನ ಸಣ್ಣದು ಸಾಮಾನ್ಯವಾಗಿ ವಿಕಾರ್ ಎಂಬ, ಅವನ ಬದಲಿಗೆ ಊರಿನ ಚರ್ಚು ನಡೆಸುವ ಪಾದ್ರಿಗೆ. ಉತ್ತರ ವೇಲ್ಸ್‌ನ ಸೇಂಟ್ ಆಸಫ್ ಬಿಷಪ್ಪರ ಆಡಳಿತದ ಸೀಮೆ, ಅಂದರೆ ಡಯಾಸಿಸ್‌ನಲ್ಲಂತೂ ಎಷ್ಟೋ ರೆಕ್ಟರ್‌ಗಳಿಗೆ ಊರಿನಲ್ಲಿ ಕೆಲಸವೇ ಇರಲಿಲ್ಲ, ಆದಾಯ ಮಾತ್ರ. ಮಳೆಯಲ್ಲಿ ಹೆಣ ಹೂಳಲು ನಿಲ್ಲುವವನು ವಿಕಾರ್. ಆಮೇಲೆ ಆಲೂಗೆಡ್ಡೆ ಬಂತು. ಹೊಲದಲ್ಲಿ ಬೆಳೆದದ್ದರಿಂದ ದೊಡ್ಡದೋ, ಕೈತೋಟದ ಜಾತಿಯಾದ್ದರಿಂದ ಸಣ್ಣದೋ? ಎಷ್ಟು ಎಕರೆ ಬೆಳೆದರೂ ಸಣ್ಣದೇ ಎಂದು ನ್ಯಾಯಾಧೀಶರು ತೀರ್ಮಾನಿಸಿದ್ದು 18ನೇ ಶತಮಾನದಲ್ಲಿ.

ಪಾದ್ರಿಗಳಿಬ್ಬರ ವ್ಯಾಜ್ಯ ಚರ್ಚಿನ ಕೋರ್ಟಿನದೇ ಸ್ವತ್ತು. ಆದರೆ ತಕರಾರಿನ ದಶಮಾಂಶ ಚರ್ಚಿನ ಒಟ್ಟು ಮೌಲ್ಯದ ಕಾಲುಭಾಗ ಮುಟ್ಟಿತೋ, ಪಾದ್ರಿಯನ್ನು ನೇಮಿಸುವ ಹಕ್ಕುಳ್ಳ ಜಮೀನ್ದಾರ ರಾಜನ ಕೋರ್ಟಿನಿಂದ ‘ಇಂಡಿಕಾವಿಟ್’ ಎಂಬ ರಿಟ್ ತಂದು ಅಲ್ಲಿನ ವಿಚಾರಣೆ ತಡೆಯಬಹುದಿತ್ತು. ಅಂದರೆ ಕುರಿ ಎಲ್ಲಿ ಮೇಯಿತು ಎನ್ನುವುದಕ್ಕೆ ಮೊದಲು, ಯಾವ ಕೋರ್ಟಿನಲ್ಲಿ ಮೇಯಿತು ಎಂದು ತೀರ್ಮಾನವಾಗಬೇಕು.

ಇದಕ್ಕೆಲ್ಲ ಮದ್ದು ಕಂಡುಹಿಡಿದ ಮಹಾನುಭಾವರೆಂದರೆ 1573ರಿಂದ 1600ರವರೆಗೆ ಸೇಂಟ್ ಆಸಫ್‌ನ ಬಿಷಪ್ಪರಾಗಿದ್ದ ವಿಲಿಯಂ ಹ್ಯೂಸ್. ಬಿಷಪ್ ಪದವಿಯ ಜೊತೆಗೆ ಬೇರೆಬೇರೆ ಸಮಯಗಳಲ್ಲಿ ಹದಿನಾರು ಚರ್ಚುಗಳ ಆದಾಯ ಅವರ ಕೈಯಲ್ಲಿತ್ತು. ಅಕ್ಕಪಕ್ಕದ ಚರ್ಚುಗಳೆಲ್ಲ ಒಬ್ಬರದೇ ಆದರೆ ಜಗಳವಾಡಲು ಎದುರಾಳಿಯೇ ಇರುವುದಿಲ್ಲ. ಎಂಥ ಶಾಂತಿದೂತ!

ಸಾಕು. ಕುರಿ ಸಾಕಿದವನು ಈ ಕಡತದಲ್ಲಿ ಎಲ್ಲಿದ್ದಾನೆ? ಒಬ್ಬ ಪಾದ್ರಿಗೆ ಕೊಟ್ಟರೆ ಇನ್ನೊಬ್ಬನ ಸಮನ್ಸು. ಹಾಜರಾಗದಿದ್ದರೆ ಬಹಿಷ್ಕಾರ. ಹಾಜರಾದರೆ ದಿನದ ದುಡಿಮೆ ಹೋಯಿತು. ಅವನ ಹತ್ತರಲ್ಲೊಂದು ಪಾಲು ಹೇಗೂ ಹೋಗುತ್ತದೆ. ಯಾರಿಗೆ ಎಂಬ ಜಗಳದ ತೊಂದರೆಯನ್ನೂ ಅವನೇ ಹೊರಬೇಕು.

1836ರ ಕಾಯ್ದೆ ದಶಮಾಂಶವನ್ನು ನಗದಿಗೆ ತಿರುಗಿಸಿತು. ದರ ನಿಗದಿಯಾದದ್ದು ಗೋಧಿ, ಬಾರ್ಲಿ, ಓಟ್ಸ್‌ಗಳ ಏಳು ವರ್ಷದ ಸರಾಸರಿ ಬೆಲೆಯ ಮೇಲೆ. ಬೆಟ್ಟದ ಕುರಿಗಾಹಿ ತಾನು ಎಂದೂ ಬಿತ್ತದ ಗೋಧಿಯ ಧಾರಣೆ ನೋಡಿ ದುಡ್ಡು ಎಣಿಸತೊಡಗಿದ.