ಕಾಣೆಯಾದವರು ಠಾಣೆಯಲ್ಲೇ ಕುಳಿತಿದ್ದಾರೆ

ಕನ್ನಡದ ಸುದ್ದಿಮನೆಗಳಿಗೆ ಮಾಯಾ ನಾಗರಿಕತೆಯಷ್ಟು ಅನುಕೂಲವಾದ ವಸ್ತು ಇನ್ನೊಂದಿಲ್ಲ, ಏಕೆಂದರೆ ಅದರ ಹೆಸರಿನಲ್ಲೇ ಶೀರ್ಷಿಕೆ ಸಿದ್ಧವಾಗಿ ಕುಳಿತಿದೆ. ‘ಮಾಯಾ ಜನ ಮಾಯವಾದದ್ದೆಲ್ಲಿಗೆ?’ ಎಂದು ದಪ್ಪಕ್ಷರದಲ್ಲಿ ಹಾಕಿ, ಪಕ್ಕದಲ್ಲಿ ಒಂದು ಪಿರಮಿಡ್ಡು, ಒಂದು ತಲೆಬುರುಡೆ, ಜಾಗ ಉಳಿದರೆ ಒಂದು ಹಾರುವ ತಟ್ಟೆಯನ್ನು ಇಟ್ಟುಬಿಟ್ಟರೆ ಪುಟ ತುಂಬಿದಂತೆ. ಅವರೆಲ್ಲೂ ಮಾಯವಾಗಿಲ್ಲ, ಮೆಕ್ಸಿಕೊ, ಗ್ವಾಟೆಮಾಲಾ, ಬೆಲೀಜ್ ಮತ್ತು ಹೊಂಡುರಾಸ್‌ಗಳಲ್ಲಿ ಜೋಳ ಬಿತ್ತಿಕೊಂಡು, ಬಸ್ಸು ಓಡಿಸಿಕೊಂಡು, ಸುಮಾರು ಮೂವತ್ತು ಮಾಯಾ ಭಾಷೆಗಳಲ್ಲಿ ಜಗಳವಾಡಿಕೊಂಡು ಐವತ್ತು ಲಕ್ಷಕ್ಕೂ ಹೆಚ್ಚು ಮಂದಿ ಬದುಕಿದ್ದಾರೆ ಎಂದು ಯಾರಾದರೂ ಹೇಳಿದರೆ ಉಪಸಂಪಾದಕರ ಮುಖ ಸಪ್ಪಗಾಗುತ್ತದೆ. ಬದುಕಿರುವವರಿಂದ ರೋಚಕ ಸುದ್ದಿ ಹುಟ್ಟುವುದಿಲ್ಲವಲ್ಲ.

ಬಾಡಿಗೆ ಲೈಬ್ರರಿಯ ಪತ್ತೇದಾರಿ ಕಾದಂಬರಿಗಳನ್ನು ಓದಿ ಬೆಳೆದವರಿಗೆ ಅದರ ಕಟ್ಟಳೆಗಳು ಗೊತ್ತು. ಮೊದಲ ಅಧ್ಯಾಯದಲ್ಲಿ ಯಾರೋ ಕಾಣೆಯಾಗಬೇಕು. ಕಾಣೆಯಾದವರ ಬಗ್ಗೆ ಎಲ್ಲರಿಗಿಂತ ಮೊದಲು ಠಾಣೆಗೆ ಬಂದು ಕಣ್ಣೀರಿಟ್ಟವನೇ ಕೊನೆಯಲ್ಲಿ ಕಳ್ಳನಾಗಬೇಕು. ಕಳ್ಳ ಯಾರೆಂದು ಹೇಳುವ ಕೊನೆಯ ಪುಟಗಳನ್ನು ಹಿಂದೆ ಓದಿದವರು ಯಾರೋ ಹರಿದುಕೊಂಡು ಹೋಗಿರಬೇಕು. ಮಾಯಾ ಇತಿಹಾಸದ ಅನ್ವೇಷಣೆಯು ಈ ಮೂರು ಕಟ್ಟಳೆಗಳನ್ನೂ ಭಕ್ತಿಯಿಂದ ಪಾಲಿಸುತ್ತ ಬಂದಿದೆ. ಒಂದೇ ತೊಡಕೆಂದರೆ, ಕಾಣೆಯಾದವರೆಂದು ಯಾರ ಭಾವಚಿತ್ರವನ್ನು ಗೋಡೆಗೆ ಅಂಟಿಸಿದ್ದಾರೋ ಅವರೇ ಠಾಣೆಯ ಬೆಂಚಿನ ಮೇಲೆ ಕುಳಿತು, ‘ಸಾರ್, ನಾವು ಇಲ್ಲೇ ಇದ್ದೇವೆ’ ಎನ್ನುತ್ತಿದ್ದಾರೆ, ಮತ್ತು ಇನ್ಸ್‌ಪೆಕ್ಟರು ಅವರಿಗೆ ಗದ್ದಲ ಮಾಡಬೇಡಿ ಎನ್ನುತ್ತಿದ್ದಾರೆ.

ನಡೆದದ್ದಿಷ್ಟು. ಒಂಬತ್ತನೇ ಶತಮಾನದ ಹೊತ್ತಿಗೆ ಮಾಯಾ ಸೀಮೆಯ ದಕ್ಷಿಣದ ತಗ್ಗುನಾಡಿನ ಅರಸು ಮನೆತನಗಳು ಬರ, ಯುದ್ಧ ಮತ್ತು ತಮ್ಮದೇ ದುರಾಡಳಿತಗಳ ಹೊಡೆತಕ್ಕೆ ಒಂದೊಂದಾಗಿ ಕುಸಿದವು. ಅರಸರ ದೀರ್ಘ ಗಣನೆಯ ಪಂಚಾಂಗದಲ್ಲಿ ಕೆತ್ತಿದ ಕೊನೆಯ ತಾರೀಖು 909ರದು, ಮೆಕ್ಸಿಕೊದ ಟೊನಿನಾ ಎಂಬ ಹಾಳೂರಿನಲ್ಲಿದೆ. ಜನ ಬೇರೆಡೆ ಹೋದರು, ಬೇರೆ ಊರು ಕಟ್ಟಿದರು. ಮಾಯಾ ಜನರ ಕೊನೆಯ ಸ್ವತಂತ್ರ ರಾಜಧಾನಿ, ಕೆರೆಯ ನಡುವಿನ ದ್ವೀಪದಲ್ಲಿದ್ದ ನೊಹ್‌ಪೆಟೆನ್, ಸ್ಪೇನಿನ ಸೈನ್ಯಕ್ಕೆ ಸೋತದ್ದು 1697ರಲ್ಲಿ. ಒಂಬತ್ತನೇ ಶತಮಾನದಲ್ಲೇ ನಿಗೂಢವಾಗಿ ಅಂತರ್ಧಾನರಾದವರ ಮೇಲೆ ಎಂಟು ನೂರು ವರ್ಷಗಳ ನಂತರ ಫಿರಂಗಿ ಹೊತ್ತ ಹಡಗನ್ನು ಕೆರೆಗಿಳಿಸುವ ತಾಪತ್ರಯ ಏಕೆ ಬೇಕಾಯಿತೆಂದು ನಿಗೂಢಪ್ರಿಯರು ವಿವರಿಸುವುದಿಲ್ಲ. ಹಂಪೆ 1565ರಲ್ಲಿ ಹಾಳಾಯಿತು, ಆದ್ದರಿಂದ ಕನ್ನಡಿಗರೆಂಬ ಜನಾಂಗವೇ ಭೂಮಿಯಿಂದ ಕಣ್ಮರೆಯಾಯಿತು ಎಂದು ಬರೆದರೆ ಹೊಸಪೇಟೆಯ ಆಟೋ ಚಾಲಕರು ಸುಮ್ಮನಿರುತ್ತಾರೆಯೇ?

ಈ ಕಾದಂಬರಿಯ ಮೊದಲ ಪತ್ತೇದಾರ ಡಿಯೆಗೊ ದೆ ಲಾಂಡಾ ಎಂಬ ಫ್ರಾನ್ಸಿಸ್ಕನ್ ಪಾದ್ರಿ. 1562ರ ಜುಲೈ 12ರಂದು ಮೆಕ್ಸಿಕೊದ ಯುಕಾಟಾನಿನ ಮಾನಿ ಎಂಬ ಊರಿನಲ್ಲಿ ಈತ ಮಾಯಾ ಜನರ ಪುಸ್ತಕಗಳನ್ನು ರಾಶಿ ಹಾಕಿಸಿ ಬೆಂಕಿ ಇಡಿಸಿದ. ಆಲದ ಜಾತಿಯ ಮರದ ನಾರುತೊಗಟೆಯನ್ನು ಬಡಿದು ಹಾಳೆ ಮಾಡಿ, ಮೇಲೆ ಸುಣ್ಣದ ತೆಳು ಲೇಪ ಕೊಟ್ಟು, ಬಣ್ಣದಲ್ಲಿ ಬರೆದು, ನಮ್ಮ ಹಳೆಯ ಕಡತಗಳಂತೆಯೇ ಹಿಂದೆಮುಂದೆ ಮಡಿಸಿಟ್ಟ ಪುಸ್ತಕಗಳು ಅವು. ಅಂಥವುಗಳಲ್ಲಿ ಇಂದು ಉಳಿದಿರುವುದು ನಾಲ್ಕೇ ನಾಲ್ಕು. ಅವುಗಳಲ್ಲಿ ಮೂರರ ಹೆಸರು ಡ್ರೆಸ್ಡೆನ್, ಮ್ಯಾಡ್ರಿಡ್ ಮತ್ತು ಪ್ಯಾರಿಸ್. ಅಜ್ಜಿಯ ಕಾಲದ ತಾಮ್ರದ ಹಂಡೆಯನ್ನು ಅದು ಈಗ ಯಾರ ಮನೆಯ ಬಚ್ಚಲಲ್ಲಿದೆಯೋ ಆ ಮನೆಯವರ ಹೆಸರಿನಿಂದ ಕರೆಯುವ ಪದ್ಧತಿ ಇದು. ಬೆಂಕಿ ಆರಿದ ಮೇಲೆ, ಅತಿರೇಕದ ಆರೋಪಕ್ಕೆ ಉತ್ತರಿಸಲು ಸ್ಪೇನಿಗೆ ಹೋದ ಲಾಂಡಾ, ಅಲ್ಲಿ ಕುಳಿತು ಅದೇ ಮಾಯಾ ಜನರ ಆಚಾರ, ಪಂಚಾಂಗ ಮತ್ತು ಲಿಪಿಯ ಬಗ್ಗೆ ಒಂದು ಗ್ರಂಥವನ್ನೇ ಬರೆದ, ಆಮೇಲೆ ಬಿಷಪ್ಪನಾಗಿ ಬಡ್ತಿ ಪಡೆದು ಯುಕಾಟಾನಿಗೆ ಮರಳಿದ. ಇಂದು ಮಾಯಾ ವಿದ್ವಾಂಸರು ಆ ಗ್ರಂಥವಿಲ್ಲದೆ ಒಂದು ಹೆಜ್ಜೆ ಇಡಲಾರರು. ಗ್ರಂಥಾಲಯಕ್ಕೆ ಬೆಂಕಿ ಇಟ್ಟವನೇ ಅದರ ಮೇಲೆ ಪ್ರಮಾಣಗ್ರಂಥ ಬರೆಯುವ ಈ ತಿರುವನ್ನು ನಮ್ಮ ಯಾವ ಪತ್ತೇದಾರಿ ಲೇಖಕನೂ ಊಹಿಸಲಾರ. ಊಹಿಸಿದರೂ ಪ್ರಕಾಶಕರು ಅತಿಯಾಯಿತೆಂದು ಹಿಂದಿರುಗಿಸುತ್ತಾರೆ.

ಆ ಗ್ರಂಥದಲ್ಲೊಂದು ಅಕ್ಷರಮಾಲೆಯ ಪ್ರಸಂಗವಿದೆ. ಪಾದ್ರಿ ಸ್ಪ್ಯಾನಿಷ್ ಅಕ್ಷರಗಳ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಹೋದ, ಎದುರಿಗೆ ಕುಳಿತ ಮಾಯಾ ಲಿಪಿಕಾರ ಕಿವಿಗೆ ಬಿದ್ದ ಸದ್ದನ್ನು ಬರೆಯುತ್ತ ಹೋದ. ‘ಬೇ’ ಎಂದಾಗ, ಅವನ ನುಡಿಯಲ್ಲಿ ಆ ಸದ್ದಿಗೆ ದಾರಿ ಎಂಬ ಅರ್ಥವಿದ್ದುದರಿಂದ, ದಾರಿಯ ಮೇಲೊಂದು ಹೆಜ್ಜೆಗುರುತು ಬರೆದುಕೊಟ್ಟ. ಅವನ ಲಿಪಿಯಲ್ಲಿದ್ದದ್ದು ಕ-ಕಾ-ಕಿ-ಕೀ ಎಂಬ ನಮ್ಮ ಕಾಗುಣಿತದ ಸೋದರಸಂಬಂಧಿ. ಕೇಳಿದವನ ತಲೆಯಲ್ಲಿದ್ದದ್ದು ಲ್ಯಾಟಿನ್ ವರ್ಣಮಾಲೆ. ಕೊನೆಗೆ ಒಂದು ವಾಕ್ಯವನ್ನಾದರೂ ಬರೆ ಎಂದಾಗ ಅವನು ಬರೆದುಕೊಟ್ಟದ್ದು ‘ಮಾ ಇನ್ ಕಾತಿ’, ಎಂದರೆ ‘ನನಗೆ ಬೇಡ’. ಪಾದ್ರಿ ಅದನ್ನೂ ಉದಾಹರಣೆ ಎಂದು ಶ್ರದ್ಧೆಯಿಂದ ನಕಲು ಮಾಡಿಕೊಂಡ. ಆ ಹಸ್ತಪ್ರತಿ ಮ್ಯಾಡ್ರಿಡ್ಡಿನಲ್ಲಿ ಮತ್ತೆ ಬೆಳಕು ಕಂಡದ್ದು 1860ರ ದಶಕದಲ್ಲಿ; ಇದು ವರ್ಣಮಾಲೆಯಲ್ಲ, ಗುಣಿತಾಕ್ಷರ ಎಂದು ತೋರಿಸಿಕೊಟ್ಟದ್ದು 1952ರಲ್ಲಿ, ಮಾಯಾ ನೆಲವನ್ನು ಕಣ್ಣಿನಿಂದಲೂ ಕಂಡಿರದ ಲೆನಿನ್‌ಗ್ರಾಡಿನ ಯೂರಿ ಕ್ನೊರೊಜೊವ್. ಆ ಕಾಲದ ಮಾಯಾ ಪಾಂಡಿತ್ಯದ ಪೀಠಾಧಿಪತಿಯಂತಿದ್ದ ಬ್ರಿಟನ್ನಿನ ಎರಿಕ್ ಥಾಂಪ್ಸನ್ ಇದನ್ನು ಸೋವಿಯತ್ ಪ್ರಚಾರದ ಸರಕೆಂದು ತಳ್ಳಿಹಾಕಿದ್ದರಿಂದ, ಪಶ್ಚಿಮದ ವಿದ್ವಾಂಸರಲ್ಲಿ ಹೆಚ್ಚಿನವರು ಇನ್ನೂ ಒಂದೆರಡು ದಶಕ ಅದರ ಗೋಜಿಗೆ ಹೋಗಲಿಲ್ಲ. ಕಾಗುಣಿತಕ್ಕೂ ಒಂದು ಪಕ್ಷದ ಸದಸ್ಯತ್ವವಿರಬಹುದೆಂದು ನಮ್ಮ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳಿಗೆ ಹೊಳೆದೇ ಇರಲಿಲ್ಲ.

ಎರಡನೆಯ ಪತ್ತೇದಾರ ವಕೀಲ, ಆಗ ಅಮೆರಿಕದ ರಾಜದೂತ ಕೂಡ. ನ್ಯೂಯಾರ್ಕಿನ ಜಾನ್ ಲಾಯ್ಡ್ ಸ್ಟೀಫನ್ಸ್ 1839ರಲ್ಲಿ ಹೊಂಡುರಾಸಿನ ಕೊಪಾನ್ ಎಂಬ ಇಡೀ ಹಾಳೂರನ್ನು 50 ಡಾಲರಿಗೆ ವ್ಯಾಪಾರ ಕುದುರಿಸಿದ. ಜಮೀನಿನವನು ಅನುಮಾನಿಸಿದಾಗ, ಪೆಟ್ಟಿಗೆ ತೆರೆದು ಹದ್ದಿನ ಗುಂಡಿಗಳ ರಾಜತಾಂತ್ರಿಕ ಕೋಟನ್ನು ತೆಗೆದು ತೊಟ್ಟುಕೊಂಡ; ತಲೆಯ ಮೇಲೆ ಮಳೆಯಲ್ಲಿ ನೆನೆದ ಪನಾಮಾ ಟೋಪಿ, ಒಳಗೆ ಚೌಕುಳಿ ಅಂಗಿ, ಕೆಳಗೆ ಮೊಣಕಾಲಿನವರೆಗೂ ಕೆಸರು ಮೆತ್ತಿದ ಬಿಳಿಯ ಷರಾಯಿ. ಹಾಳು ಕಲ್ಲುಗಳಿಗೆ 50 ಡಾಲರು ಕೊಡುವವನನ್ನು ಜಮೀನಿನವನು ಮೂರ್ಖನೆಂದೇ ಭಾವಿಸಿದನೆಂದು ಸ್ಟೀಫನ್ಸನೇ ಬರೆದುಕೊಂಡಿದ್ದಾನೆ. ನ್ಯಾಯವಾಗಿ ಹೇಳಬೇಕೆಂದರೆ, ಈ ಊರುಗಳನ್ನು ಕಟ್ಟಿದವರು ಈಜಿಪ್ಟಿನವರೂ ಅಲ್ಲ, ಮುಳುಗಿದ ಖಂಡದವರೂ ಅಲ್ಲ, ಇಲ್ಲಿಯವರ ಪೂರ್ವಿಕರೇ ಎಂದು ಆ ಕಾಲದಲ್ಲೇ ಬರೆದವನೂ ಅವನೇ. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊಂಡುಕೊಳ್ಳಬಹುದೆಂಬ ಮಾತನ್ನು ಮಾತ್ರ ಎಲ್ಲರೂ ಹಾಕಿಕೊಂಡರು. ಅಮೆರಿಕದ ಕಾನ್ಸಲ್ ಆಗಿದ್ದ ಎಡ್ವರ್ಡ್ ಥಾಂಪ್ಸನ್ ಯುಕಾಟಾನಿನ ಚಿಚೆನ್ ಇಟ್ಜಾ ಎಂಬ ಹಾಳೂರಿದ್ದ ಎಸ್ಟೇಟನ್ನೇ ಕೊಂಡು, 1904ರಿಂದ ಅಲ್ಲಿನ ಪವಿತ್ರ ಹೊಂಡದ ಹೂಳನ್ನು ಯಂತ್ರ ಹಾಕಿ ಎತ್ತಿಸಿ, ಸಿಕ್ಕ ಚಿನ್ನ ಮತ್ತು ಹಸಿರುಕಲ್ಲುಗಳನ್ನು ಹಾರ್ವರ್ಡಿನ ಪೀಬಾಡಿ ಸಂಗ್ರಹಾಲಯಕ್ಕೆ ಸಾಗಿಸಿದ.

ಸಿಕ್ಕದೇ ಇದ್ದಾಗ ಮಾಡಿಸಿದರೂ ಆಯಿತು. 1924ರಲ್ಲಿ ಬೆಲೀಜಿನ ಲುಬಾಂಟೂನ್ ಹಾಳೂರಿನಲ್ಲಿ ತನಗೆ ಸ್ಫಟಿಕದ ತಲೆಬುರುಡೆ ಸಿಕ್ಕಿತೆಂದು ಸಾಹಸಿ ಮಿಚೆಲ್-ಹೆಡ್ಜಸ್‌ನ ಸಾಕುಮಗಳು ಜೀವನಪೂರ್ತಿ ಹೇಳಿಕೊಂಡು ಬಂದಳು. ಅಪ್ಪ ಅದನ್ನು 1943ರಲ್ಲಿ ಲಂಡನ್ನಿನ ಕಲಾವ್ಯಾಪಾರಿಯೊಬ್ಬನಿಂದ ಕೊಂಡದ್ದಕ್ಕೆ ದಾಖಲೆಯಿದೆ. ಬ್ರಿಟಿಷ್ ಮ್ಯೂಸಿಯಂ 1897ರಲ್ಲಿ ಕೊಂಡ ಇಂಥದೇ ಬುರುಡೆಯನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಯುರೋಪಿನ ಅಕ್ಕಸಾಲಿಗರ ತಿರುಗುವ ಚಕ್ರದ ಗೀರುಗಳು ಕಂಡವು. ಬುರುಡೆ ಬಿಡುವುದೆಂಬ ನಮ್ಮ ನುಡಿಗಟ್ಟು ಲಂಡನ್ನಿನವರೆಗೆ ಹೇಗೆ ತಲುಪಿತೋ ತಿಳಿಯದು.

ನಿಜವಾದ ಕಳ್ಳತನ ಬೇಕೆಂದರೆ 1985ರ ಕ್ರಿಸ್‌ಮಸ್ ಇದೆ. ಆ ರಾತ್ರಿ ಮೆಕ್ಸಿಕೊ ನಗರದ ರಾಷ್ಟ್ರೀಯ ಮಾನವಶಾಸ್ತ್ರ ಸಂಗ್ರಹಾಲಯದಿಂದ ನೂರಕ್ಕೂ ಹೆಚ್ಚು ವಸ್ತುಗಳು ಹೋದವು; ಅವುಗಳಲ್ಲಿ ಪಾಲೆಂಕೆ ಎಂಬ ಮಾಯಾ ನಗರದ ಅರಸ ಪಾಕಾಲನ ಸಮಾಧಿಯಿಂದ 1952ರಲ್ಲಿ ಹೊರತೆಗೆದ, ಹಸಿರುಕಲ್ಲಿನ ಚೂರುಗಳನ್ನು ಜೋಡಿಸಿ ಮಾಡಿದ ಮುಖವಾಡವೂ ಸೇರಿತ್ತು. ಇದು ಅಂತಾರಾಷ್ಟ್ರೀಯ ಜಾಲದ ಕೆಲಸ, ಕಲೆಯನ್ನು ಅರೆದು ಕುಡಿದವರ ಕೆಲಸ ಎಂದು ಪೊಲೀಸರು ದೇಶದೇಶಗಳಿಗೆ ಸಂದೇಶ ಕಳಿಸಿದರು. 1989ರಲ್ಲಿ ಗೊತ್ತಾದದ್ದೇನೆಂದರೆ, ಕದ್ದವರು ಪಶುವೈದ್ಯದ ಓದನ್ನು ಅರ್ಧಕ್ಕೆ ಬಿಟ್ಟ ಇಬ್ಬರು ಹುಡುಗರು. ಸಂಗ್ರಹಾಲಯದ ಎಚ್ಚರಿಕೆ ಗಂಟೆ ಕೆಟ್ಟು ವರ್ಷಗಳೇ ಆಗಿದ್ದವು. ಮಾಲು ತುಂಬಿದ ಸೂಟ್‌ಕೇಸು ಬಹುಕಾಲ ಒಬ್ಬನ ಮನೆಯ ಕಪಾಟಿನಲ್ಲಿ, ಬಟ್ಟೆಬರೆಯ ನಡುವೆ ಇತ್ತು. ಈ ಮಧ್ಯೆ ಸಂಗ್ರಹಾಲಯದಲ್ಲಿ ನಡೆದದ್ದು ಇನ್ನೂ ಸೊಗಸು. ಮುಖವಾಡವಿದ್ದಾಗ ಅತ್ತ ತಲೆ ಹಾಕದವರೂ ಖಾಲಿ ಗಾಜಿನ ಪೆಟ್ಟಿಗೆಗಳನ್ನು ನೋಡಲು ಬಂದು ಸಾಲುಗಟ್ಟಿದರು.

ಈ ಪರಂಪರೆಯ ಹೊಸ ಅಧ್ಯಾಯ 2024ರದು. ಮೆಕ್ಸಿಕೊದ ಕಾಂಪೆಚೆಯ ಕಾಡಿನ ಇಂಗಾಲವನ್ನು ಅಳೆಯಲೆಂದು 2013ರಲ್ಲಿ ವಿಮಾನದಿಂದ ಲೇಸರ್ ಹಾಯಿಸಿ ಮಾಡಿದ ಸಮೀಕ್ಷೆಯೊಂದು ಗೂಗಲ್ ಹುಡುಕಾಟದ ಹದಿನಾರನೇ ಪುಟದಲ್ಲಿ ಸಂಶೋಧಕನೊಬ್ಬನ ಕಣ್ಣಿಗೆ ಬಿತ್ತು, ಅದರೊಳಗೆ ಆರು ಸಾವಿರಕ್ಕೂ ಹೆಚ್ಚು ಕಟ್ಟಡಗಳ ಗುರುತು ಸಿಕ್ಕಿತು, ಅಲ್ಲಿನ ದೊಡ್ಡ ನಗರಕ್ಕೆ ವಾಲೆರಿಯಾನಾ ಎಂಬ ಹೆಸರಿಟ್ಟದ್ದಾಯಿತು. ಕೆಲಸ ದೊಡ್ಡದೇ, ಅದರಲ್ಲಿ ಮಾತಿಲ್ಲ. ಆದರೆ ಜಗತ್ತಿನ ಪತ್ರಿಕೆಗಳು ‘ಕಳೆದುಹೋದ ನಗರ’ ಎಂದು ಕೊಂಡಾಡಿದ ಆ ಜಾಗ ಹೆದ್ದಾರಿಯಿಂದ ಕಾಲು ಗಂಟೆಯ ನಡಿಗೆಯಷ್ಟು ದೂರದಲ್ಲಿದೆ, ಸುತ್ತಮುತ್ತಲ ರೈತರು ಆ ದಿಬ್ಬಗಳ ನಡುವೆಯೇ ಬೇಸಾಯ ಮಾಡಿಕೊಂಡಿದ್ದಾರೆ. ಹೊಲದ ಯಜಮಾನನಿಗೆ ಗೊತ್ತಿದ್ದದ್ದು ಜ್ಞಾನವೆನಿಸಲು ಗೂಗಲ್ಲಿನ ಹದಿನಾರನೇ ಪುಟವಾದರೂ ಬೇಕು.

ನಾವೇನೂ ಹಿಂದೆ ಬಿದ್ದಿಲ್ಲ. ಮಾಯಾ ಎಂದರೆ ನಮ್ಮ ಮಯಾಸುರನ ವಂಶಸ್ಥರೇ ಎಂಬ ಸಂಶೋಧನೆ ವಾಟ್ಸ್ಆಪ್ಪಿನಲ್ಲಿ ಪ್ರತಿ ಮಳೆಗಾಲವೂ ಚಿಗುರುತ್ತದೆ. ಆಧಾರ, ಇಬ್ಬರೂ ಕಟ್ಟಡ ಕಟ್ಟುತ್ತಿದ್ದರು. ಮಯ ಕಟ್ಟಿದ ಸಭೆಯಲ್ಲಿ ನೆಲವೆಂದು ಭ್ರಮಿಸಿ ನೀರಿಗೆ ಕಾಲಿಟ್ಟ ದುರ್ಯೋಧನನ ವಂಶ ಅಳಿಯಿತೆಂದು ವ್ಯಾಸರು ಬರೆದದ್ದು ಬಹುಶಃ ಅವಸರವಾಯಿತು. ಹೊರಗಿನ ವಿದ್ವಾಂಸರೂ ನಮಗೆ ಕೈಜೋಡಿಸಿದ್ದುಂಟು. ಸೋಮನಾಥಪುರದ ಹೊಯ್ಸಳ ಶಿಲ್ಪಗಳು ಕೈಯಲ್ಲಿ ಹಿಡಿದಿರುವುದು ಮೆಕ್ಕೆಜೋಳದ ತೆನೆ, ಆದ್ದರಿಂದ ಕೊಲಂಬಸನಿಗಿಂತ ಮೊದಲೇ ಅಮೆರಿಕಕ್ಕೂ ನಮಗೂ ಓಡಾಟವಿತ್ತು ಎಂದು 1989ರಲ್ಲಿ ಅಮೆರಿಕದ ಭೂಗೋಳಜ್ಞ ಕಾರ್ಲ್ ಜೋಹಾನೆಸೆನ್ ಪ್ರತಿಪಾದಿಸಿದರು. ಅದು ತೆನೆಯಲ್ಲ, ಮುತ್ತುಗಳಿಂದ ಕೂಡಿದ ಕಾಲ್ಪನಿಕ ಮುಕ್ತಾಫಲ ಎಂದು ಭಾರತದ ಮೆಕ್ಕೆಜೋಳ ತಜ್ಞರು 1993ರಲ್ಲಿ ಉತ್ತರ ಕೊಟ್ಟರು. ಮೊದಲನೆಯದು ಇಂದಿಗೂ ಹಂಚಿಕೆಯಾಗುತ್ತಿದೆ, ಎರಡನೆಯದರಲ್ಲಿ ಹಂಚಿಕೊಳ್ಳುವಂಥದ್ದೇನಿದೆ?

2012ರ ಡಿಸೆಂಬರಿನಲ್ಲಂತೂ, ಮಾಯಾ ಪಂಚಾಂಗ ಮುಗಿಯುತ್ತದೆಂಬ ನೆಪದಲ್ಲಿ, ನಮ್ಮ ವಾಹಿನಿಗಳ ಜ್ಯೋತಿಷಿಗಳು ಇಪ್ಪತ್ತೊಂದನೇ ತಾರೀಖಿನ ಪ್ರಳಯಕ್ಕೆ ಶಾಂತಿ, ಪರಿಹಾರ, ದೀಪದ ಎಣ್ಣೆಯ ಬಗೆ ಎಲ್ಲವನ್ನೂ ಸೂಚಿಸಿದರು. ಅಂದು ಮುಗಿದದ್ದು ಆ ಪಂಚಾಂಗದ ಬಕ್ತೂನ್ ಎಂಬ ಸುಮಾರು 394 ವರ್ಷಗಳ ಒಂದು ಸುತ್ತು, ಹದಿಮೂರನೆಯದು. ಯುಗಾದಿಯಂದು ಹಳೆಯ ಸಂವತ್ಸರ ಮುಗಿಯುವಂತೆ. ಅಂದಿನ ಸಂಭ್ರಮದಲ್ಲಿ ಪ್ರವಾಸಿಗರು ಹತ್ತಿಳಿದು ಗ್ವಾಟೆಮಾಲಾದ ಟಿಕಾಲ್‌ನಲ್ಲಿ ಎರಡನೇ ದೇವಾಲಯದ ಕಲ್ಲುಗಳನ್ನು ಹಾಳುಗೆಡವಿದ್ದೊಂದನ್ನು ಬಿಟ್ಟರೆ ಬೇರೆ ಪ್ರಳಯ ವರದಿಯಾಗಲಿಲ್ಲ. ಪಾಲೆಂಕೆಯ ಶಾಸನವಾದರೋ ಪಾಕಾಲನ ಪಟ್ಟಾಭಿಷೇಕದ ಒಂದು ವಾರ್ಷಿಕೋತ್ಸವವನ್ನು 4772ರ ಅಕ್ಟೋಬರಿಗೆ ಗೊತ್ತುಪಡಿಸಿದೆ. ದಿನ ದೂರವಿದ್ದರೂ ನಮ್ಮ ವಾಹಿನಿಗಳು ಪ್ರಾಯೋಜಕರನ್ನು ಈಗಿನಿಂದಲೇ ಹುಡುಕಿಕೊಳ್ಳುವುದು ಒಳ್ಳೆಯದು. ಪರಿಹಾರ ಹೇಳಲು ಜ್ಯೋತಿಷಿಗಳು ಆಗಲೂ ಸಿಗುತ್ತಾರೆ.